ಬಿಲ್ಲು ಇಶಿಯವರದು, ಹೆಸರು ಬೇರೆಯವರದು

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವ ಹೆಚ್ಚಿನವರ ಕೈಯಲ್ಲಿ ಇವತ್ತು ಇರೋದು ಕಾಂಪೌಂಡ್ ಬಿಲ್ಲು. ಎರಡೂ ತುದಿಗೆ ರಾಟೆ. ಪೂರ್ತಿ ಎಳೆದ ಮೇಲೆ ಕೈಮೇಲಿನ ಭಾರ ಇಳಿಯುತ್ತೆ, ನಿಧಾನವಾಗಿ ಗುರಿ ಇಡಬಹುದು. ಮಿಸೌರಿಯ ಹೋಲೆಸ್ ವಿಲ್ಬರ್ ಅಲೆನ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಆದರೆ ಈ ಹವ್ಯಾಸದ ಬೇರು ಹುಡುಕಿದರೆ ಸಿಗೋದು ಪೇಟೆಂಟ್ ಅಲ್ಲ, ಇಶಿ ಎಂಬ ಆದಿವಾಸಿ.

ಇಶಿ ಉತ್ತರ ಕ್ಯಾಲಿಫೋರ್ನಿಯಾದ ಯಾಹಿ ಜನಾಂಗದವರು. 1849ರ ಚಿನ್ನದ ಬೇಟೆಯ ನಂತರ ನುಗ್ಗಿದ ಬಿಳಿಯರು ಯಾಹಿಗಳನ್ನು ಗುಂಪುಗುಂಪಾಗಿ ಕೊಂದರು. ಆದಿವಾಸಿಗಳ ಮೇಲೆ ದಂಡೆತ್ತಿ ಹೋದವರ ಖರ್ಚನ್ನು ಸರ್ಕಾರವೇ ಭರಿಸಿತು. ಉಳಿದ ಕೆಲವೇ ಜನ ದಶಕಗಳ ಕಾಲ ಕಣಿವೆಗಳಲ್ಲಿ ಅಡಗಿ ಬದುಕಿದರು. ಬಂದೂಕಿನ ಸದ್ದು ಜಾಗ ತೋರಿಸಿಬಿಡುತ್ತೆ, ಬಿಲ್ಲಿಗೆ ಸದ್ದಿಲ್ಲ. ಇಶಿಗೆ ಬಿಲ್ಲು ಅನ್ನೋದು ಆಟವಲ್ಲ, ಬದುಕುಳಿಯುವ ದಾರಿ.

1908ರಲ್ಲಿ ಸರ್ವೆಯವರು ಅವರ ಬೀಡಿಗೆ ಬಂದು, ಬಿಲ್ಲು ಬಾಣ ಸಮೇತ ಕೈಗೆ ಸಿಕ್ಕಿದ್ದನ್ನೆಲ್ಲ ನೆನಪಿನ ವಸ್ತು ಅಂತ ಹೊತ್ತೊಯ್ದರು. ಅಲ್ಲಿದ್ದ ಇಶಿಯ ತಾಯಿಗೆ ಎದ್ದು ಓಡಾಡುವ ಶಕ್ತಿಯೂ ಇರಲಿಲ್ಲ. 1911ರ ಆಗಸ್ಟ್‌ನಲ್ಲಿ ಇಶಿ ಒಬ್ಬರೇ ಓರೊವಿಲ್ ಬಳಿಯ ಕಸಾಯಿಖಾನೆಯಲ್ಲಿ ಕಾಣಿಸಿಕೊಂಡರು. ಕಂಡವರು ಹಿಡಿದು ಜೈಲಿಗೆ ಹಾಕಿಸಿದರು.

ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಂಗೆ. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಯಾಹಿಗಳ ರೂಢಿಯಲ್ಲ. ಹಾಗಾಗಿ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಇಶಿ ಅಂತ ಕರೆದರು. ಅವರ ಭಾಷೆಯಲ್ಲಿ ಹಾಗಂದ್ರೆ ಮನುಷ್ಯ, ಅಷ್ಟೇ. ಇಶಿ ಅಲ್ಲೇ ಇದ್ದು ಕಸ ಗುಡಿಸಿದರು, ಭಾನುವಾರ ಬಂದ ಜನರೆದುರು ಬಾಣದ ಮೊನೆ ಕೆತ್ತಿ ತೋರಿಸಿದರು. ಬಾಟಲಿ ಗಾಜನ್ನೂ ಹರಿತವಾದ ಮೊನೆ ಮಾಡುವ ಕೈ ಅದು.

ಪಕ್ಕದ ವೈದ್ಯಕೀಯ ಕಾಲೇಜಿನ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಅವರ ಶಿಷ್ಯರಾದರು. ಜ್ಯೂನಿಪರ್ ಮರದಿಂದ ಬಿಲ್ಲು ಕೆತ್ತಿ, ಬೆನ್ನಿಗೆ ಪ್ರಾಣಿಯ ಸ್ನಾಯುನಾರು ಅಂಟಿಸುವುದು, ಬೇಟೆಗೆ ಮುನ್ನ ಮೈಯ ವಾಸನೆ ಕಳೆದುಕೊಳ್ಳುವುದು, ಬಾಯಲ್ಲಿ ಸದ್ದು ಮಾಡಿ ಪ್ರಾಣಿಯನ್ನು ಹತ್ತಿರ ಕರೆಯುವುದು, ಎಲ್ಲವನ್ನೂ ಇಶಿ ಹೇಳಿಕೊಟ್ಟರು. ದೂರದಿಂದ ಹೊಡೆಯುವುದಲ್ಲ, ಹತ್ತಿರ ಹೋಗುವುದೇ ಅವರ ವಿದ್ಯೆ. 1914ರಲ್ಲಿ ಇಶಿ ಈ ಗೆಳೆಯರನ್ನು ತಮ್ಮ ಹಳೆಯ ನೆಲಕ್ಕೇ ಕರೆದೊಯ್ದರು.

1916ರ ಮಾರ್ಚ್ 25ರಂದು ಕ್ಷಯ ಅವರನ್ನು ಕೊಂದಿತು. ಶವ ಕೊಯ್ಯಬೇಡಿ ಅಂತ ಕ್ರೋಬರ್ ನ್ಯೂಯಾರ್ಕ್‌ನಿಂದ ಪತ್ರ ಬರೆದರೂ ಕೊಯ್ದರು, ಮೆದುಳನ್ನು ತೆಗೆದಿಟ್ಟರು. ಮುಂದೆ ಅದೇ ಕ್ರೋಬರ್ ಆ ಮೆದುಳನ್ನು ಸ್ಮಿತ್‌ಸೋನಿಯನ್ ಸಂಸ್ಥೆಗೆ ಕಳಿಸಿದರು. ಗೆಳೆತನದ ಮಿತಿ ಎಲ್ಲಿತ್ತು ಅಂತ ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

ಪೋಪ್ 1923ರಲ್ಲಿ ಬಿಲ್ಲುಬೇಟೆಯ ಪುಸ್ತಕ ಪ್ರಕಟಿಸಿದರು. ಇಶಿಗೆ ಅದರಲ್ಲಿ ಗೌರವದ ಜಾಗವಿದೆ. ಅದನ್ನು ಓದಿ ಒಂದು ತಲೆಮಾರೇ ಬಿಲ್ಲು ಹಿಡಿಯಿತು. 1934ರಲ್ಲಿ ವಿಸ್ಕಾನ್ಸಿನ್ ಬಿಲ್ಲಿನ ಜಿಂಕೆ ಬೇಟೆಗೆ ಪ್ರತ್ಯೇಕ ಋತು ಕೊಟ್ಟಿತು. 1961ರಲ್ಲಿ ಹುಟ್ಟಿದ ಬಿಲ್ಲುಬೇಟೆಗಾರರ ದೊಡ್ಡ ಕ್ಲಬ್‌ಗೆ ಪೋಪ್ ಮತ್ತು ಅವರ ಜೊತೆಗಾರ ಆರ್ಥರ್ ಯಂಗ್ ಹೆಸರಿಟ್ಟರು. ಗುರುವಿನ ಹೆಸರಿಲ್ಲ.

ಆದಿವಾಸಿ ಸಂಘಟನೆಗಳು ಬೆನ್ನು ಬಿಡದೆ ಹೋರಾಡಿದ್ದರಿಂದ 2000ದಲ್ಲಿ ಇಶಿಯ ಮೆದುಳು ಮತ್ತು ಬೂದಿ ಅವರ ಬಂಧು ಬುಡಕಟ್ಟುಗಳ ಕೈಸೇರಿತು. ಗುಟ್ಟಾದ ಜಾಗದಲ್ಲಿ ಮಣ್ಣು ಮಾಡಿದರು. 2021ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ತನ್ನ ಕಟ್ಟಡದಿಂದ ಕ್ರೋಬರ್ ಹೆಸರು ತೆಗೆಯಿತು.

ಒಂದು ಜನಾಂಗವನ್ನು ಅಳಿಸಿ ಅದರ ವಿದ್ಯೆಯನ್ನು ಹವ್ಯಾಸ ಮಾಡಿಕೊಳ್ಳೋದು ಸುಲಭ. ಆ ವಿದ್ಯೆ ಯಾರದ್ದು ಅಂತ ಹೇಳೋದೇ ಕಷ್ಟ ಆಗಿಬಿಡುತ್ತೆ. ಕನಿಷ್ಠ ಅದನ್ನಾದರೂ ನಾವು ಹೇಳ್ತಾ ಇರಬೇಕು.