ಎಲೆಯ ದಾಹವನ್ನು ತೂಗಿ ನೋಡಿದ ಸ್ಟೀಫನ್ ಹೇಲ್ಸ್

ಬೇಸಿಗೆಯ ಮಧ್ಯಾಹ್ನ ಬಂಗಾರಪೇಟೆ ಸುತ್ತಲಿನ ಟೊಮೇಟೊ ತೋಟಗಳನ್ನು ನೋಡಿದ್ದೀರಾ? ಎಲೆಗಳು ಜೋತುಬಿದ್ದಿರುತ್ತವೆ. ಮಣ್ಣಿನಲ್ಲಿ ನೀರಿಲ್ಲದೆ ಹೀಗಾಯಿತೇ, ಅಥವಾ ಬರೀ ಬಿಸಿಲಿನ ಝಳಕ್ಕೇ? ಕೊಳವೆಬಾವಿ ನಂಬಿದ ನಮ್ಮ ಜಿಲ್ಲೆಗೆ ಇದು ಸಣ್ಣ ಪ್ರಶ್ನೆಯಲ್ಲ. ಗಿಡದ ನೀರಿನ ಲೆಕ್ಕವನ್ನು ಕಣ್ಣಂದಾಜಿಗೆ ಬಿಡದೆ ತಕ್ಕಡಿಗೆ ಹಾಕಿದ ಮಹನೀಯರು ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್.

ಹೇಲ್ಸ್ 1677ರಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ಓದಿ, 1709ರಲ್ಲಿ ಟೆಡಿಂಗ್ಟನ್ ಎಂಬ ಊರಿನ ಪಾದ್ರಿಯಾದರು. ಧರ್ಮಕಾರ್ಯ ಮುಗಿದ ಮೇಲೆ ಗಿಡಬಳ್ಳಿಗಳೇ ಅವರ ಪಾಠಶಾಲೆ.

1724ರ ಬೇಸಿಗೆಯಲ್ಲಿ ಅವರು ಕುಂಡದಲ್ಲಿದ್ದ ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವನ್ನು ಆರಿಸಿಕೊಂಡರು. ಮಣ್ಣಿನ ತೇವ ಆವಿಯಾಗದಂತೆ ಕುಂಡದ ಬಾಯಿಗೆ ತೆಳುವಾದ ಸೀಸದ ತಗಡು ಮುಚ್ಚಿದರು. ಜುಲೈ-ಆಗಸ್ಟ್ ತಿಂಗಳಲ್ಲಿ 15 ದಿನ ಬೆಳಿಗ್ಗೆ ಸಂಜೆ ತೂಗಿದರು. ಕುಂಡದ ಮೂಲಕವೇ ಹೋಗುವ ನೀರನ್ನೂ ಅಳೆದು ಕಳೆದರು. ಹಗಲಿನ 12 ಗಂಟೆಯಲ್ಲಿ ಗಿಡ ಸರಾಸರಿ 20 ಔನ್ಸ್, ಅಂದರೆ ಸುಮಾರು 570 ಗ್ರಾಂ ನೀರನ್ನು ಗಾಳಿಗೆ ಬಿಟ್ಟಿತ್ತು. ಒಣ ಸೆಕೆಯ ದಿನ ಹೆಚ್ಚು. ಇಬ್ಬನಿ ಬಿದ್ದ ರಾತ್ರಿ ನಷ್ಟವೇ ಇಲ್ಲ. ಎಲೆಯಿರುವ ಕೊಂಬೆ ಬಹಳ ನೀರು ಹೀರುತ್ತದೆ, ಎಲೆ ಕಿತ್ತ ಕೊಂಬೆ ತೀರ ಕಡಿಮೆ ಹೀರುತ್ತದೆ ಎಂಬುದನ್ನೂ ತೋರಿಸಿದರು. ಈ ಪ್ರಯೋಗಗಳು 1727ರಲ್ಲಿ ಪುಸ್ತಕವಾಗಿ ಬಂದವು.

ಕೆ.ಜಿ.ಎಫ್.ನ ಮಕ್ಕಳಿಗೆ ಇನ್ನೊಂದು ಮಾತು. ಉಸಿರುಗಟ್ಟುವ ಸ್ಥಳಗಳಿಗೆ ಶುದ್ಧ ಗಾಳಿ ತುಂಬುವ ಯಂತ್ರವನ್ನೂ ಹೇಲ್ಸ್ ರೂಪಿಸಿದರು. 1743ರ ಅವರ ಪುಸ್ತಕ ಹಡಗು, ಸೆರೆಮನೆ, ಆಸ್ಪತ್ರೆಗಳ ಜೊತೆಗೆ ಗಣಿಗಳನ್ನೂ ಹೆಸರಿಸುತ್ತದೆ. 2001ರಲ್ಲಿ ಮುಚ್ಚಿದ ನಮ್ಮ ಗಣಿಯ ಆಳದಲ್ಲಿ ದುಡಿದ ಹಿರಿಯರನ್ನು ಕೇಳಿ, ಗಾಳಿಯ ಬೆಲೆ ಹೇಳುತ್ತಾರೆ. ಹೇಲ್ಸ್ 1761ರಲ್ಲಿ ತಮ್ಮ 83ನೇ ವಯಸ್ಸಿನಲ್ಲಿ ನಿಧನರಾದರು.

ತಕ್ಕಡಿಯ ಕೆಲಸ ಇನ್ನೂ ಮುಗಿದಿಲ್ಲ. ಇಂದಿಗೂ ಎಲೆಯನ್ನು ಕಿತ್ತ ಕೂಡಲೇ ಒಮ್ಮೆ, ನೀರಿನಲ್ಲಿ ನೆನೆಸಿ ಒಮ್ಮೆ, ಪೂರ್ತಿ ಒಣಗಿಸಿ ಒಮ್ಮೆ ತೂಗುತ್ತಾರೆ. ಕಿತ್ತಾಗ 8 ಗ್ರಾಂ, ನೆನೆದಾಗ 10, ಒಣಗಿದಾಗ 2 ಎಂದುಕೊಳ್ಳಿ. ಎಲೆ ಹಿಡಿಯಬಲ್ಲ ನೀರು 8 ಗ್ರಾಂ, ಅದರಲ್ಲಿದ್ದದ್ದು 6. ಅಂದರೆ ಶೇಕಡಾ 75. ಆದರೆ ತೂಗಿದ ಹೊತ್ತನ್ನೂ ಬರೆದಿಡಬೇಕು. ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಂಡ ಗಿಡದ ಬುಡದಲ್ಲಿ ನೀರು ಇನ್ನೂ ಇದ್ದೀತು. ಬೆಳಗಿನ ಜಾವದಲ್ಲೂ ಎಲೆ ಜೋತಿದ್ದರೆ ಮೊದಲು ಮಣ್ಣನ್ನು ಮುಟ್ಟಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರಿನ ರೋಗವಿರಬಹುದು.

ಓದುಗರೇ, ಈ ರಜೆಯಲ್ಲಿ ಒಂದು ಕುಂಡದ ಗಿಡ ತನ್ನಿ. ಮಣ್ಣನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಬೆಳಿಗ್ಗೆ ಸಂಜೆ ತೂಗಿ ಬರೆದಿಡಿ. ಹೇಲ್ಸ್ ಅವರಿಗೆ ಇದಕ್ಕಿಂತ ಒಳ್ಳೆಯ ಸ್ಮರಣೆ ಇಲ್ಲ.