ಹೆಸರು ಸಿಲ್ಕು, ಬದುಕು ಗೋಣಿತಟ್ಟು!

ಮೊಳಕಾಲ್ಮೂರಿನಲ್ಲಿ ಸಿಲ್ಕ್ ಅಂದರೆ ಸೀರೆ. ಆದರೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಐವತ್ತು ದಾಟಿದ ಗಂಡಸರ ಮುಂದೆ ಆ ಮಾತು ಎತ್ತಿ ನೋಡಿ, ಮೀಸೆಯಡಿ ಬೇರೆಯೇ ನಗು! ಸಿಲ್ಕ್ ಸ್ಮಿತಾ ನೆನಪಾಗಿರುತ್ತಾಳೆ. ಆಕೆಯ ಕಥೆ ಮಾತ್ರ ನಗುವಂಥದ್ದಲ್ಲ.

ನಿಜ ಹೆಸರು ವಿಜಯಲಕ್ಷ್ಮಿ. ಹುಟ್ಟಿದ್ದು 1960ರ ಡಿಸೆಂಬರ್ 2ರಂದು, ಆಂಧ್ರದ ಏಲೂರು ಬಳಿಯ ಕೊವ್ವಲಿಯಲ್ಲಿ. ಮನೆಯಲ್ಲಿ ಬಡತನ, ನಾಲ್ಕನೇ ಕ್ಲಾಸಿಗೇ ಸ್ಲೇಟು ಮೂಲೆಗೆ. ಎಳೇ ವಯಸ್ಸಿನಲ್ಲೇ ಮದುವೆ. ಗಂಡನ ಮನೆ ಕಾಟ ತಾಳದೆ ಮದ್ರಾಸ್ ಸೇರಿದಳು. ನಟಿಯೊಬ್ಬಳಿಗೆ ಟಚಪ್ ಮಾಡುವ ಕೆಲಸ ಸಿಕ್ಕಿತು. ಅಲ್ಲಿಂದ ವಿನು ಚಕ್ರವರ್ತಿ ಕಣ್ಣಿಗೆ ಬಿದ್ದು, 1980ರ ತಮಿಳು ಚಿತ್ರ ‘ವಂಡಿಚಕ್ಕರಂ’ನಲ್ಲಿ ಸಾರಾಯಿ ಅಂಗಡಿಯ ಸಿಲ್ಕ್ ಆದಳು. ಪಾತ್ರದ ಹೆಸರು ಹಣೆಗೇ ಅಂಟಿತು.

ಆಮೇಲೆ ನೋಡಿ ವ್ಯಾಪಾರ! ಡಬ್ಬದಲ್ಲೇ ಧೂಳು ತಿನ್ನುತ್ತಿದ್ದ ಚಿತ್ರಕ್ಕೆ ಈಕೆಯ ಒಂದು ಕುಣಿತ ಸೇರಿಸಿದರೆ ಸಾಕು, ಹಂಚಿಕೆದಾರರು ದುಡ್ಡು ಹಿಡಿದು ಬರುತ್ತಿದ್ದರು. 1982ರ ‘ಮೂನ್ರಾಂ ಪಿರೈ’ಯಲ್ಲಿ ಕಮಲ್ ಹಾಸನ್ ಜೊತೆ ಕುಣಿದಳು, 1992ರ ನಮ್ಮ ‘ಹಳ್ಳಿ ಮೇಷ್ಟ್ರು’ನಲ್ಲಿ ರವಿಚಂದ್ರನ್ ಜೊತೆ ಬಂದಳು. 1989ರ ಮಲಯಾಳಂ ‘ಲಯನಂ’ ಅಂತೂ ‘ರೇಷ್ಮಾ ಕೀ ಜವಾನಿ’ ಎಂಬ ಹೆಸರಲ್ಲಿ ಹಿಂದಿಗೂ ಹೋಯಿತು. ಹದಿನೇಳು ವರ್ಷದಲ್ಲಿ ಚಿತ್ರಗಳ ಲೆಕ್ಕ 450 ದಾಟಿತು ಎನ್ನುತ್ತಾರೆ.

ಆಕೆಯ ಆಸೆಯೇ ಬೇರೆ. ಸಾವಿತ್ರಿಯಂತೆ ಒಳ್ಳೇ ಪಾತ್ರ ಮಾಡಬೇಕು ಅಂತಿತ್ತು. 1981ರಲ್ಲಿ ಭಾರತಿರಾಜ ‘ಅಲೈಗಳ್ ಓಯ್ವದಿಲ್ಲೈ’ ಚಿತ್ರದಲ್ಲಿ ಗೃಹಿಣಿಯ ಪಾತ್ರ ಕೊಟ್ಟಾಗ ಅಚ್ಚುಕಟ್ಟಾಗಿ ಮಾಡಿ ತೋರಿಸಿದಳು. ಆದರೂ ಗಿರಾಕಿ ಕೇಳಿದ್ದು ಕುಣಿತವನ್ನೇ. ಬೇರೆಯವರ ಹಳೇ ಸರಕು ಖಾಲಿ ಮಾಡಿಕೊಟ್ಟವಳು, ತಾನೇ ಬಂಡವಾಳ ಹಾಕಿ ನಿರ್ಮಾಪಕಿಯಾದಾಗ ಕೈ ಸುಟ್ಟುಕೊಂಡಳು.

1996ರ ಸೆಪ್ಟೆಂಬರ್ 23. ಮದ್ರಾಸಿನ ಮನೆಯಲ್ಲಿ ಹೆಣವಾಗಿ ಸಿಕ್ಕಳು. ಆತ್ಮಹತ್ಯೆ ಎಂದು ದಾಖಲಾಯಿತು. ವಯಸ್ಸು ಬರೀ ಮೂವತ್ತೈದು!

ಸತ್ತ ಮೇಲೂ ವ್ಯಾಪಾರ ನಿಲ್ಲಲಿಲ್ಲ. ಆಕೆಯ ಬದುಕಿನ ಎಳೆ ಹಿಡಿದ ‘ದಿ ಡರ್ಟಿ ಪಿಕ್ಚರ್’ 2011ರಲ್ಲಿ, ಆಕೆ ಹುಟ್ಟಿದ ದಿನದಂದೇ ತೆರೆಗೆ ಬಂತು. ಆ ಪಾತ್ರ ಮಾಡಿದ ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಅಸಲಿ ಸಿಲ್ಕ್‌ಗೆ ಸಿಕ್ಕಿದ್ದು ಶಿಳ್ಳೆ ಮಾತ್ರ.

ಸೀರೆಯ ಲಾಭ ನೇಯ್ದವನಿಗೆ ಎಷ್ಟು, ಮಾರಿದವನಿಗೆ ಎಷ್ಟು ಅನ್ನೋದು ಮೊಳಕಾಲ್ಮೂರಿನ ಮಗ್ಗದವರಿಗೆ ಹೇಳಿಕೊಡಬೇಕಿಲ್ಲ. ಈ ಸಿಲ್ಕ್ ಲೆಕ್ಕವೂ ಅದೇ. ಕದ್ದು ನೋಡಿ, ಹೊರಗೆ ಬಂದು ಥೂ ಅಂದವರು ನಾವೇ ಅಲ್ಲವೇ?