ಪ್ರೊ. ಎಂ. ಡಿ. ನಂಜುಂಡಸ್ವಾಮಿ: ಗ್ಯಾಟ್ ಒಪ್ಪಂದ ಮತ್ತು ರೈತನ ಬೀಜ

ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರನ್ನು ಹಸಿರು ಶಾಲಿನ ನಾಯಕರೆಂದು ನೆನೆಯುವುದೇ ರೂಢಿಯಾಗಿದೆ. ಅವರು ಮೂಲತಃ ಕಾನೂನಿನ ಅಧ್ಯಾಪಕರಾಗಿದ್ದರೆಂಬ ಸಂಗತಿ ಹಿನ್ನೆಲೆಗೆ ಸರಿದಿದೆ. 1936ರ ಫೆಬ್ರವರಿ 13ರಂದು ಜನಿಸಿದ ಅವರು ಕಾನೂನು ವ್ಯಾಸಂಗದ ಅನಂತರ ಜರ್ಮನಿಯಲ್ಲಿ ಉನ್ನತ ಅಧ್ಯಯನ ನಡೆಸಿ ಹಿಂದಿರುಗಿದರು; ಲೋಹಿಯಾ ವಿಚಾರಗಳಿಂದ ಪ್ರೇರಿತವಾದ ಸಮಾಜವಾದಿ ಯುವಜನ ಸಭಾದಲ್ಲಿ ದುಡಿದರು. ನರಗುಂದ-ನವಲಗುಂದಗಳ ಗೋಲಿಬಾರಿನ ಬೆನ್ನಿಗೆ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಅವರ ಕರ್ಮಭೂಮಿಯಾಯಿತು.

ಸಾಲ, ಕಂದಾಯ, ಬೆಲೆಗಳ ಸುತ್ತ ನಡೆದಿದ್ದ ಹೋರಾಟ 1991ರ ಡಿಸೆಂಬರಿನಲ್ಲಿ ಡಂಕೆಲ್ ಕರಡು ಹೊರಬಂದ ಮೇಲೆ ಬೇರೆಯೇ ದಿಕ್ಕು ಹಿಡಿಯಿತು. ಇಲ್ಲಿದ್ದ ತೊಡಕು ಸಂವಿಧಾನಕ್ಕೆ ಸಂಬಂಧಿಸಿದ್ದು. ಕೃಷಿ ರಾಜ್ಯಪಟ್ಟಿಯ ವಿಷಯ. ಆದರೆ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವುದು ಕೇಂದ್ರದ ಕಾರ್ಯಾಂಗ. ಅದಕ್ಕೆ ಸಂಸತ್ತಿನ ಪೂರ್ವಾನುಮೋದನೆಯೂ ಬೇಕಿಲ್ಲ. ಸಹಿಯಾದ ಮೇಲೆ 253ನೆಯ ವಿಧಿಯ ಬಲದಿಂದ ಸಂಸತ್ತು ರಾಜ್ಯಪಟ್ಟಿಯ ವಿಷಯದಲ್ಲೂ ಶಾಸನ ಮಾಡಬಹುದು. ಹೀಗೆ ಜಿನೀವಾದಲ್ಲಿ ಸಿದ್ಧವಾದ ಕರಡೊಂದು, ಯಾವ ರಾಜ್ಯದ ಶಾಸನಸಭೆಯನ್ನೂ ಕೇಳದೆ, ಬಿತ್ತನೆಗೆ ಕಾಳು ತೆಗೆದಿಡುವ ರೈತನ ಪದ್ಧತಿಯನ್ನೇ ಪ್ರಶ್ನಿಸಬಹುದಾಗಿತ್ತು.

1992ರ ಡಿಸೆಂಬರ್ 29ರಂದು ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಸುಟ್ಟರು. ಮರುವರ್ಷ ಬಳ್ಳಾರಿಯಲ್ಲಿ ಅದೇ ಕಂಪನಿಯ ಘಟಕ ದಾಳಿಗೆ ಗುರಿಯಾಯಿತು. ಜೀವಹಾನಿಯಿಲ್ಲದ ವಸ್ತುನಾಶವನ್ನು ನಂಜುಂಡಸ್ವಾಮಿಯವರು ಹಿಂಸೆಯೆಂದು ಒಪ್ಪಲಿಲ್ಲ. ಗಾಂಧೀ ಮಾರ್ಗದ ಈ ವ್ಯಾಖ್ಯಾನ ಎಲ್ಲರಿಗೂ ಒಪ್ಪಿಗೆಯಾಗುವಂಥದಲ್ಲ. ಕಾನೂನು ಬಲ್ಲವರೇ ಕಾನೂನು ಮೀರಿದರೆಂಬ ಆಕ್ಷೇಪವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಅಂದಿನವರೆಗೆ ಅಧಿಕಾರಿಗಳ ಕಡತದಲ್ಲಿದ್ದ ಒಪ್ಪಂದ ಹಳ್ಳಿಯ ಜಗಲಿಯಲ್ಲಿ ಚರ್ಚೆಗೆ ಬಂದದ್ದು ಈ ಹೋರಾಟದಿಂದ.

1994ರ ಏಪ್ರಿಲಿನಲ್ಲಿ ಮರಕೇಶ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಅಸ್ತಿತ್ವಕ್ಕೆ ಬಂತು. 1999ರಲ್ಲಿ ನಂಜುಂಡಸ್ವಾಮಿಯವರು ನೂರಾರು ರೈತರೊಡನೆ ಯುರೋಪಿಗೆ ಹೋಗಿ ಪ್ರತಿಭಟಿಸಿದರು. ಅದೇ ವರ್ಷ ಸಂಸ್ಥೆಯ ವ್ಯಾಜ್ಯ ವ್ಯವಸ್ಥೆಯಲ್ಲಿ ಭಾರತ ಸೋತು, 2001ರ ಏಪ್ರಿಲ್ ವೇಳೆಗೆ ಉಳಿದಿದ್ದ ಆಮದು ಪ್ರಮಾಣ ನಿರ್ಬಂಧಗಳನ್ನು ತೆಗೆಯಬೇಕಾಯಿತು.

ಬೀಜದ ವಿಷಯದಲ್ಲಿ ಮಾತ್ರ ಒಪ್ಪಂದದೊಳಗೇ ಒಂದು ಕಿಂಡಿಯಿತ್ತು: ಸಸ್ಯತಳಿಗಳಿಗೆ ಪೇಟೆಂಟಿನ ಬದಲು ದೇಶವು ತನ್ನದೇ ವ್ಯವಸ್ಥೆ ರೂಪಿಸಿಕೊಳ್ಳಬಹುದಿತ್ತು. ಅದರಂತೆ ಬಂದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು, ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ನೀಡಿದೆ. ಇದು ಒಬ್ಬರ ಗೆಲುವಲ್ಲ; ದೇಶದ ಅನೇಕ ಸಂಘಟನೆಗಳ ಒತ್ತಾಯ ಅದರ ಹಿಂದಿತ್ತು.

ನಂಜುಂಡಸ್ವಾಮಿಯವರು 2004ರ ಫೆಬ್ರವರಿ 3ರಂದು ನಿಧನರಾದರು. 2019ರಲ್ಲಿ ಬಹುರಾಷ್ಟ್ರೀಯ ಕಂಪನಿಯೊಂದು ತನ್ನ ಆಲೂಗಡ್ಡೆ ತಳಿ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿದಾಗ, ರೈತರ ಪರವಾಗಿ ನಿಂತವರು ಮುಂದಿಟ್ಟದ್ದು ಈ 39ನೆಯ ಕಲಮನ್ನೇ. ಕಂಪನಿ ದಾವೆಗಳನ್ನು ಹಿಂತೆಗೆದುಕೊಂಡಿತು.